ಅಥೆನ್ಸಿನ ನುಡಿ, ಜೆರುಸಲೇಮಿನ ವಿಶ್ವಾಸ

ನಮ್ಮ ದೇವಾಲಯವು ನೂರು ಸಂವತ್ಸರಗಳನ್ನು ಪೂರೈಸಿದ ಈ ಶುಭ ಸಂದರ್ಭದಲ್ಲಿ, ಹಿರಿಯರು ನಮಗೆ ಬಿಟ್ಟುಹೋದ ವಿಶ್ವಾಸದ ಸಿರಿಯನ್ನು ಕೃತಜ್ಞತೆಯಿಂದ ನೆನೆಯುವುದು ಉಚಿತವಾಗಿದೆ. ಆ ಸಿರಿಯು ಗೋಡೆ ಗೋಪುರಗಳಲ್ಲಿ ಮಾತ್ರವಲ್ಲ, ನಾವು ಬಾಯಿಪಾಠವಾಗಿ ಹೇಳುವ ಪ್ರಾರ್ಥನೆಯ ಒಂದೊಂದು ಪದದಲ್ಲಿಯೂ ಅಡಗಿದೆ. ನೈಸಿಯಾ ವಿಶ್ವಾಸ ಪ್ರಮಾಣವನ್ನು ಪಠಿಸುವಾಗ, ಸುತನು ಪಿತನೊಡನೆ ಒಂದೇ ಸತ್ವವುಳ್ಳವನೆಂದು ನಾವು ಸಾರುತ್ತೇವೆ. ಈ ಮಾತಿನ ಮೂಲದಲ್ಲಿರುವ ಗ್ರೀಕ್ ಪದ 'ಹೊಮೊಊಸಿಯೋಸ್'. ಆ ಪದವು ಪವಿತ್ರ ಬೈಬಲಿನಲ್ಲಿ ಎಲ್ಲಿಯೂ ಇಲ್ಲ! ಬೈಬಲಿನಲ್ಲಿಲ್ಲದ ಪದವು ನಮ್ಮ ವಿಶ್ವಾಸ ಪ್ರಮಾಣದ ಹೃದಯಸ್ಥಾನದಲ್ಲಿ ಹೇಗೆ ಬಂದು ನಿಂತಿತು? ಗುರುಮಠದಲ್ಲಿ ದೈವಶಾಸ್ತ್ರಕ್ಕೆ ಮುನ್ನ ತತ್ತ್ವಶಾಸ್ತ್ರವನ್ನು ಏಕೆ ಓದಿಸುತ್ತಾರೆಂದು ಕೇಳುವವರಿಗೂ ಈ ಪ್ರಶ್ನೆಯ ಉತ್ತರದಲ್ಲಿಯೇ ಸಮಾಧಾನ ದೊರೆಯುವುದು.

ಶುಭಸಂದೇಶವು ಗ್ರೀಕ್ ಪಂಡಿತರನ್ನು ಎದುರುಗೊಂಡದ್ದು ಪ್ರೇಷಿತರ ಕಾಲದಲ್ಲಿಯೇ. ಸಂತ ಪೌಲರು ಅಥೆನ್ಸ್ ನಗರದಲ್ಲಿ ಎಪಿಕ್ಯೂರಿಯನ್ ಮತ್ತು ಸ್ಟೋಯಿಕ್ ಪಂಥದವರೊಡನೆ ವಾದಿಸಿದುದನ್ನೂ, ಅರಿಯೋಪಾಗದ ಸಭೆಯಲ್ಲಿ ಗ್ರೀಕ್ ಕವಿಯ ಮಾತನ್ನೇ ಎತ್ತಿ ಹೇಳಿದುದನ್ನೂ ಪ್ರೇಷಿತರ ಕಾರ್ಯಕಲಾಪಗಳ ೧೭ನೆಯ ಅಧ್ಯಾಯದಲ್ಲಿ ಓದುತ್ತೇವೆ. ಸೃಷ್ಟಿಕರ್ತನ ಮಾತು ನಡೆಯುವವರೆಗೆ ಸಭೆಯು ಆಲಿಸಿತು; ಸತ್ತವರ ಪುನರುತ್ಥಾನದ ಮಾತು ಬಂದೊಡನೆ ಕೆಲವರು ನಕ್ಕರು. ದಿಯೊನೀಸಿಯುಸ್, ದಾಮರಿಸ್ ಮೊದಲಾದ ಕೆಲವರು ಮಾತ್ರ ವಿಶ್ವಾಸವಿಟ್ಟರು. ಮುಂದಿನ ನಾಲ್ಕು ಶತಮಾನಗಳ ಚರಿತ್ರೆಯ ಸಾರವೆಲ್ಲ ಈ ಒಂದು ಘಟನೆಯಲ್ಲಿದೆ.

ಈ ಚರಿತ್ರೆಯಲ್ಲಿ ನಾವು ವಿಶೇಷವಾಗಿ ಸ್ಮರಿಸಬೇಕಾದವರು ರಕ್ತಸಾಕ್ಷಿಯಾದ ಸಂತ ಜಸ್ಟಿನರು. ಅವರು ಹುಟ್ಟಿದ್ದು ಸುಮಾರು ಕ್ರಿ.ಶ. ೧೦೦ರಲ್ಲಿ, ಪಾಲೆಸ್ತೀನದ ಇಂದಿನ ನಾಬ್ಲುಸ್ ಪಟ್ಟಣದಲ್ಲಿ. ಸತ್ಯವನ್ನು ಅರಸುತ್ತ ಅವರು ಗುರುವಿನಿಂದ ಗುರುವಿಗೆ ಅಲೆದರು. ಮೊದಲ ಗುರುವಾದ ಸ್ಟೋಯಿಕನಿಗೆ ದೇವರ ವಿಚಾರವೇ ಬೇಕಿರಲಿಲ್ಲ. ಅರಿಸ್ಟಾಟಲನ ಪಂಥದ ಎರಡನೆಯವನು ಕೆಲವೇ ದಿನಗಳಲ್ಲಿ ತನ್ನ ದಕ್ಷಿಣೆಯ ಮಾತೆತ್ತಿದನು. ಪೈಥಾಗೊರಸನ ಅನುಯಾಯಿಯಾದ ಮೂರನೆಯವನು ಸಂಗೀತ, ಖಗೋಳ, ರೇಖಾಗಣಿತಗಳನ್ನು ಕಲಿತು ಬಾ ಎಂದನು. ಕಡೆಗೆ ಪ್ಲೇಟೋವಿನ ಪಂಥದಲ್ಲಿ ಅವರಿಗೆ ತುಸು ನೆಮ್ಮದಿ ದೊರೆಯಿತು. ಹೀಗಿರಲು ಒಂದು ದಿನ ಕಡಲತೀರದ ಏಕಾಂತದಲ್ಲಿ ಒಬ್ಬ ವೃದ್ಧರು ಎದುರಾದರು. ಆತ್ಮದ ಸ್ವರೂಪವನ್ನು ಕುರಿತು ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿ, ತತ್ತ್ವಜ್ಞಾನಿಗಳಿಗಿಂತ ಪ್ರಾಚೀನರಾದ ಪ್ರವಾದಿಗಳನ್ನು ಓದುವಂತೆ ಬೋಧಿಸಿ ಹೊರಟುಹೋದರು. ಈ ವೃತ್ತಾಂತವನ್ನೆಲ್ಲ ಜಸ್ಟಿನರೇ ಬರೆದಿಟ್ಟಿದ್ದಾರೆ.

ಕ್ರೈಸ್ತರಾದ ಮೇಲೆಯೂ ಅವರು ತತ್ತ್ವಜ್ಞಾನಿಯ ಮೇಲುವಸ್ತ್ರವನ್ನು ಕಳಚಲಿಲ್ಲ. ರೋಮ್ ನಗರದಲ್ಲಿ ಒಂದು ಸ್ನಾನಗೃಹದ ಮೇಲಣ ಮನೆಯಲ್ಲಿದ್ದುಕೊಂಡು, ಬಂದವರಿಗೆಲ್ಲ ಬೋಧಿಸಿದರು. ಸುಮಾರು ೧೫೫ರಲ್ಲಿ ಚಕ್ರವರ್ತಿ ಅಂತೊನಿನುಸ್ ಪಿಯುಸನಿಗೆ ಕ್ರೈಸ್ತರ ಪರವಾಗಿ ಸಮರ್ಥನ ಗ್ರಂಥವನ್ನು ಬರೆದರು. ಸಂತ ಯೊವಾನ್ನರು ದೇವಪುತ್ರನನ್ನು 'ಲೋಗೋಸ್', ಅಂದರೆ ದಿವ್ಯವಾಣಿ ಎಂದು ಕರೆದಿದ್ದಾರಷ್ಟೆ. ವಿಶ್ವವನ್ನು ನಡೆಸುವ ವಿವೇಕತತ್ತ್ವಕ್ಕೆ ಸ್ಟೋಯಿಕರು ಇಟ್ಟ ಹೆಸರೂ ಅದೇ. ಆ ದಿವ್ಯವಾಣಿಯ ಬೀಜವು ಮಾನವಕುಲದಲ್ಲೆಲ್ಲ ಬಿತ್ತಲ್ಪಟ್ಟಿದೆ. ಸಾಕ್ರೆಟೀಸನಂತಹವರು ಕಂಡ ಸತ್ಯದ ಅಂಶವು ಆ ಬೀಜದ ಫಲ. ಅದರ ಪೂರ್ಣತೆಯಾದರೋ ಪ್ರಭು ಕ್ರಿಸ್ತರಲ್ಲಿ ಮಾತ್ರ – ಇದು ಜಸ್ಟಿನರ ಬೋಧನೆ.

ಸುಮಾರು ೧೬೫ರಲ್ಲಿ ಅವರನ್ನು ರೋಮಿನ ಅಧಿಪತಿ ರುಸ್ತಿಕುಸನ ಮುಂದೆ ನಿಲ್ಲಿಸಿದರು. ಈತನೂ ತತ್ತ್ವಜ್ಞಾನಿಯೇ, ಚಕ್ರವರ್ತಿ ಮಾರ್ಕುಸ್ ಔರೇಲಿಯುಸನಿಗೆ ಸ್ಟೋಯಿಕ್ ಮಾರ್ಗವನ್ನು ಬೋಧಿಸಿದ ಗುರು. ದೇವತೆಗಳಿಗೆ ಬಲಿಯರ್ಪಿಸಬೇಕೆಂದು ಆತನು ಆಜ್ಞಾಪಿಸಿದನು. ಶಿರಚ್ಛೇದವಾದ ಮೇಲೆ ಸ್ವರ್ಗಕ್ಕೆ ಏರುವೆನೆಂಬ ಊಹೆಯೋ ಎಂದು ಕೇಳಿದಾಗ, ಜಸ್ಟಿನರು ಅದು ಊಹೆಯಲ್ಲ, ನಿಶ್ಚಯವಾಗಿ ಬಲ್ಲ ಸಂಗತಿಯೆಂದರು. ಆರು ಮಂದಿ ಸಂಗಡಿಗರೊಡನೆ ಅವರ ಶಿರಚ್ಛೇದವಾಯಿತು. ನ್ಯಾಯಪೀಠದಲ್ಲಿದ್ದವನೂ ಎದುರಿಗೆ ನಿಂತವರೂ ತತ್ತ್ವಶಾಸ್ತ್ರವನ್ನು ಓದಿದವರೇ. ಆದರೆ ಸತ್ಯಕ್ಕಾಗಿ ಪ್ರಾಣ ತೆರುವ ಬಲವನ್ನು ಜಸ್ಟಿನರು ಆ ಓದಿನಿಂದ ಪಡೆಯಲಿಲ್ಲ, ಶಿಲುಬೆಯಿಂದ ಪಡೆದರು.

ಎಲ್ಲರೂ ಜಸ್ಟಿನರ ದಾರಿಯನ್ನು ಒಪ್ಪಲಿಲ್ಲ. ಕಾರ್ಥೇಜಿನ ತೆರ್ತುಲ್ಲಿಯನರು ಅಥೆನ್ಸಿಗೂ ಜೆರುಸಲೇಮಿಗೂ ಸಂಬಂಧವೇ ಇಲ್ಲವೆಂದು ಗುಡುಗಿದರು. ಅಲೆಕ್ಸಾಂಡ್ರಿಯದ ಕ್ಲೆಮೆಂಟರಾದರೋ, ಯೆಹೂದ್ಯರಿಗೆ ಧರ್ಮಶಾಸ್ತ್ರವಿದ್ದಂತೆ ಗ್ರೀಕರಿಗೆ ತತ್ತ್ವಶಾಸ್ತ್ರವು ಕ್ರಿಸ್ತರೆಡೆಗೆ ಕರೆದೊಯ್ಯುವ ಉಪಾಧ್ಯಾಯನಾಗಿತ್ತೆಂದರು. ಈಜಿಪ್ಟಿನಿಂದ ತಂದ ಚಿನ್ನವನ್ನು ಇಸ್ರಯೇಲರು ದೇವದರ್ಶನದ ಗುಡಾರಕ್ಕೆ ಬಳಸಿದಂತೆ ಗ್ರೀಕ್ ವಿದ್ಯೆಯನ್ನು ಬಳಸಬೇಕೆಂದು ಒರಿಜೆನರು ತಮ್ಮ ಶಿಷ್ಯನಿಗೆ ಬರೆದರು. ಆದರೆ ಇಸ್ರಯೇಲರ ಚಿನ್ನದ ಓಲೆಗಳೇ ಹೋರಿಕರುವಿನ ವಿಗ್ರಹವೂ ಆದವೆಂಬುದನ್ನು ನಾವು ಮರೆಯುವಂತಿಲ್ಲ. ಮಹಾಪಂಡಿತರಾದ ಒರಿಜೆನರೂ ಪ್ಲೇಟೋವನ್ನು ಹಿಂಬಾಲಿಸಿ, ದೇಹಕ್ಕೆ ಮುನ್ನವೇ ಆತ್ಮಗಳಿದ್ದವೆಂದು ಎಣಿಸಿದರು. ಧರ್ಮಸಭೆಯು ಅದನ್ನು ಒಪ್ಪಲಿಲ್ಲ.

ಈ ಅಪಾಯವು ಪೂರ್ಣವಾಗಿ ಪ್ರಕಟವಾದದ್ದು ನಾಲ್ಕನೆಯ ಶತಮಾನದಲ್ಲಿ. ಆರಿಯುಸ್ ಎಂಬವನು ಅಲೆಕ್ಸಾಂಡ್ರಿಯದ ಗುರು. ದೇವರು ಒಬ್ಬನೇ, ಎಲ್ಲಕ್ಕೂ ಅತೀತನು, ತನ್ನ ಸತ್ವವನ್ನು ಯಾರೊಡನೆಯೂ ಹಂಚಿಕೊಳ್ಳಲಾರನು. ಆದಕಾರಣ ಸುತನು ಸೃಷ್ಟಿಗಳಲ್ಲಿ ಶ್ರೇಷ್ಠನೇ ಹೊರತು ದೇವರಲ್ಲ – ಇದು ಅವನ ವಾದ. ಈ ವಾದದ ದೇವರು ಅಂದಿನ ಪಂಡಿತರ ದೇವರಿಗೆ ಹತ್ತಿರ; ಗೋದಲಿಯಲ್ಲಿ ಮಲಗಿದ ದೇವರಿಗೆ ಬಹುದೂರ. ಸುತನು ದೇವರಲ್ಲದಿದ್ದರೆ ಶಿಲುಬೆಯ ಮೇಲೆ ನಮ್ಮನ್ನು ಉದ್ಧರಿಸಿದವರು ಯಾರು? ನಮ್ಮ ಜ್ಞಾನಸ್ನಾನಕ್ಕೆ ಏನು ಬೆಲೆ?

೩೨೫ರಲ್ಲಿ ಧರ್ಮಾಧ್ಯಕ್ಷರು ನೈಸಿಯಾದಲ್ಲಿ ಸಭೆ ಸೇರಿದರು. ಮೊದಲು ಬೈಬಲಿನ ಮಾತುಗಳಿಂದಲೇ ಉತ್ತರ ಕೊಡಲು ಯತ್ನಿಸಿದರು. ಆದರೆ ಒಂದೊಂದು ಮಾತಿಗೂ ಆರಿಯುಸನ ಕಡೆಯವರು ಕಣ್ಸನ್ನೆ ಮಾಡಿಕೊಂಡು ತಮಗೆ ಬೇಕಾದ ಅರ್ಥವನ್ನು ಹಚ್ಚುತ್ತಿದ್ದರೆಂದು ಸಂತ ಅಥನೇಸಿಯುಸರು ಬರೆದಿದ್ದಾರೆ. ಆಗ ಎರಡರ್ಥಕ್ಕೆ ಎಡೆಗೊಡದ ಪದವೊಂದು ಬೇಕಾಯಿತು. ಹೀಗೆ ಬಂದುದು 'ಹೊಮೊಊಸಿಯೋಸ್'. ಪಂಡಿತರ ಪದವನ್ನೇ ಹಿಡಿದು, ಪಂಡಿತರ ಕಲ್ಪನೆಗೆ ದಕ್ಕದ ರಹಸ್ಯಕ್ಕೆ ಧರ್ಮಸಭೆಯು ಬೇಲಿ ಕಟ್ಟಿತು! ಈ ಪದಕ್ಕಾಗಿ ಅಥನೇಸಿಯುಸರು ಐದು ಸಲ ಗಡೀಪಾರಾಗಿ, ಸುಮಾರು ೧೭ ವರ್ಷಗಳನ್ನು ದೇಶಾಂತರದಲ್ಲಿ ಕಳೆದರು. ಅಥೆನ್ಸಿನಲ್ಲಿ ಸಹಪಾಠಿಗಳಾಗಿದ್ದ ಸಂತ ಬೆಸಿಲರು, ನಜಿಯಾಂಜಿನ ಸಂತ ಗ್ರೆಗೊರಿಯವರು ಅದರ ಅರ್ಥವನ್ನು ಇನ್ನಷ್ಟು ತಿಳಿಗೊಳಿಸಿದರು. ೩೮೧ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆಯು ಆ ವಿಶ್ವಾಸವನ್ನು ದೃಢಪಡಿಸಿತು. ೨೦೨೫ರಲ್ಲಿ ನೈಸಿಯಾ ಸಭೆಗೆ ೧೭೦೦ ವರ್ಷ ತುಂಬಿದವು; ಆ ಪದವು ಇಂದಿಗೂ ನಮ್ಮ ನಾಲಗೆಯ ಮೇಲಿದೆ.

ಹಾಗಾದರೆ ಧರ್ಮಸಭೆಯು ಅಥೆನ್ಸಿನಿಂದ ಪಡೆದುದೇನು? ನುಡಿಯನ್ನು ಪಡೆಯಿತು, ವಿಶ್ವಾಸವನ್ನಲ್ಲ. ಸಂತ ಅಗಸ್ಟೀನರು ತಮ್ಮ ಆತ್ಮಕಥನದಲ್ಲಿ ಇದನ್ನು ಮನಮುಟ್ಟುವಂತೆ ಒಪ್ಪಿಕೊಂಡಿದ್ದಾರೆ: ದಿವ್ಯವಾಣಿಯು ದೇವರಲ್ಲಿತ್ತೆಂಬುದು ಪ್ಲೇಟೋ ಪಂಥದವರ ಗ್ರಂಥಗಳಲ್ಲಿ ಅವರಿಗೆ ದೊರೆಯಿತು, ಆ ವಾಣಿಯು ಮನುಷ್ಯನಾಗಿ ನಮ್ಮ ನಡುವೆ ವಾಸಿಸಿತೆಂಬುದು ಅಲ್ಲಿ ದೊರೆಯಲಿಲ್ಲ.

ನಮ್ಮ ಕನ್ನಡ ನಾಡಿನಲ್ಲಿಯೂ ಹೀಗೆಯೇ ನಡೆದಿದೆ. ಬಲಿ, ಪೂಜೆ, ಸಂಸ್ಕಾರ, ಪ್ರಸಾದ – ಇವೆಲ್ಲ ಶುಭಸಂದೇಶಕ್ಕೆ ಮುನ್ನವೇ ಈ ನೆಲದಲ್ಲಿದ್ದ ಮಾತುಗಳು. ಬಲಿಪೂಜೆ, ವರಪ್ರಸಾದ ಎಂದು ನಾವು ನುಡಿಯುವಾಗ ಅವೇ ಮಾತುಗಳು ಕ್ರಿಸ್ತರ ಬೆಳಕಿನಲ್ಲಿ ಹೊಸ ಅರ್ಥವನ್ನು ತಾಳಿ ನಿಂತಿವೆ.

ಕಾಲೇಜುಗಳಲ್ಲಿ ಓದುವ ನಮ್ಮ ಮಕ್ಕಳು ಇಂದು ವಿಶ್ವಾಸವನ್ನು ಕುರಿತು ಕಠಿಣ ಪ್ರಶ್ನೆಗಳನ್ನು ಹೊತ್ತು ಮನೆಗೆ ಬರುತ್ತಾರೆ. ಗದರಿಸಿ ಅವರ ಬಾಯಿ ಮುಚ್ಚಿಸುವುದು ಸುಲಭ. ಆದರೆ ಆ ಕಡಲತೀರದ ವೃದ್ಧರು ಯುವಕ ಜಸ್ಟಿನರನ್ನು ಗದರಿಸಲಿಲ್ಲ; ಜೊತೆಯಲ್ಲಿ ನಡೆದರು, ಕೇಳಿದರು, ದಾರಿ ತೋರಿದರು. ತಂದೆತಾಯಿಗಳೂ, ಉಪದೇಶಿಗಳೂ, ಗುರುಗಳಾದ ನಾವೂ ಅವರಂತಾದರೆ ಮುಂದಿನ ನೂರು ವರ್ಷಗಳ ವಿಶ್ವಾಸಕ್ಕೆ ಭದ್ರವಾದ ಅಡಿಗಲ್ಲನ್ನು ಇಟ್ಟಂತಾಗುವುದು. ದಿವ್ಯವಾಣಿಯೇ ಆದ ಪ್ರಭು ಕ್ರಿಸ್ತರು ನಮಗೆ ಆ ಸಹನೆಯನ್ನೂ ಆ ಜ್ಞಾನವನ್ನೂ ದಯಪಾಲಿಸಲಿ.