ಕರ್ನಾಟಕ ಕರಾವಳಿಯ ಲಂಗರುದಾಣಗಳು: ಇತಿಹಾಸ

ಕಾರವಾರದಿಂದ ಮಲ್ಪೆಯವರೆಗಿನ ಕಡಲಂಚಿನಲ್ಲಿ ಅಂಜದೀವ, ದೇವಗಡ, ಕೂರ್ಮಗಡ, ಬಸವರಾಜದುರ್ಗ, ನೇತ್ರಾಣಿ, ಸೇಂಟ್ ಮೇರಿಸ್ ಮೊದಲಾದ ದ್ವೀಪಗಳಿವೆ. ಹಾಯಿಹಡಗಿನ ಕಾಲದಲ್ಲಿ ಇವುಗಳಲ್ಲಿ ಯಾವುದರ ಮರೆಗೆ ಸರಿದು ಲಂಗರು ಹಾಕಬೇಕೆಂಬುದನ್ನು ಋತುವೇ ತೀರ್ಮಾನಿಸುತ್ತಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯದ ಗಾಳಿ ಕಡಲನ್ನು ಕದಡುತ್ತದೆ. ಮಳೆಗಾಲ ಕಳೆದ ಮೇಲೆ ಬೆಳಗಿನ ಹೊತ್ತು ನೆಲದ ಕಡೆಯಿಂದ, ಮಧ್ಯಾಹ್ನದ ನಂತರ ವಾಯವ್ಯದಿಂದ ಗಾಳಿ ಬೀಸುತ್ತದೆ. ಕಾರವಾರ ಭೂಶಿರದ ಬಗಲಿನ ಬೈತಖೋಲಕ್ಕೆ ನೈಋತ್ಯದ ಗಾಳಿಯಿಂದ ಒಳ್ಳೆಯ ಮರೆಯಿದೆ. ವಾಯವ್ಯದ ಗಾಳಿಗೆ ಅಷ್ಟಿಲ್ಲ. ತದಡಿ, ಹೊನ್ನಾವರಗಳ ಅಳಿವೆಯೊಳಗೆ ನೀರು ಶಾಂತ, ಅಳಿವೆಯ ಬಾಯಲ್ಲಿ ಮರಳದಿಬ್ಬದ ಭಯ. ಹಳೆಯ ಬರಹವೊಂದು ಒಂದು ತಾಣವನ್ನು ಸುರಕ್ಷಿತವೆಂದಾಗ ಯಾವ ತಿಂಗಳ ಮಾತು ಅದು ಎಂದು ಕೇಳಲೇಬೇಕು. ಕೇಳದೆ ಬಿಟ್ಟಲ್ಲೆಲ್ಲ ಗೊಂದಲ ಬೆಳೆದಿದೆ.

ಪ್ರಾಚೀನ ಉಲ್ಲೇಖಗಳು

ಕ್ರಿ.ಶ. ಮೊದಲ ಶತಮಾನದ ಗ್ರೀಕ್ ಕೃತಿ 'ಪೆರಿಪ್ಲಸ್' ಈ ತೀರದ ದ್ವೀಪಗಳನ್ನು ಸಾಲಾಗಿ ಹೆಸರಿಸಿ, ಇಲ್ಲಿ ಕಡಲ್ಗಳ್ಳರಿದ್ದಾರೆ ಎಂದು ಎಚ್ಚರಿಸುತ್ತದೆ. ಅದರ 'ಐಗಿಡಿಯೋಯ್' ಎಂಬುದನ್ನು ಕೆಲವರು ಅಂಜದೀವವೆಂದರೆ ಕೆಲವರು ಗೋವೆಯೆನ್ನುತ್ತಾರೆ. 'ಬಿಳಿ ದ್ವೀಪ'ವನ್ನು ನೇತ್ರಾಣಿ ಎಂದು ಗುರುತಿಸಿದವರಿದ್ದಾರೆ. ಕೃತಿಯಲ್ಲಿ ಇರುವುದು ಹೆಸರುಗಳ ಅನುಕ್ರಮ ಮಾತ್ರ. ದೂರ, ಆಳ, ನೀರಿನ ಸೌಲಭ್ಯ ಯಾವುದೂ ಇಲ್ಲ. ಹೀಗಾಗಿ ಈ ಗುರುತುಗಳನ್ನು ಊಹೆಗಳೆಂದೇ ಪರಿಗಣಿಸುವುದು ಕ್ಷೇಮ. ರೋಮನ್ ಲೇಖಕ ಪ್ಲಿನಿ ಹೇಳುವ ಕಡಲ್ಗಳ್ಳರ ನೆಲೆ 'ನಿಟ್ರಿಯಾಸ್' ಮಂಗಳೂರಿನ ಬಳಿಯದೋ ನೇತ್ರಾಣಿಯೋ ಎಂಬ ಚರ್ಚೆಯೂ ಮುಗಿದಿಲ್ಲ. ನೇತ್ರಾಣಿ ಕಡಿದಾದ ಬಂಡೆಗಳ ದ್ವೀಪವಾದ್ದರಿಂದ ಹಡಗುಗಳ ಖಾಯಂ ನೆಲೆಯಾಗಿತ್ತು ಎಂಬ ವಾದಕ್ಕೆ ಬಲ ಕಡಿಮೆ.

ಸ್ಪಷ್ಟವಾದ ವಿವರ ಸಿಗುವುದು 14ನೆಯ ಶತಮಾನದಲ್ಲಿ, ಯಾತ್ರಿಕ ಇಬ್ನ್ ಬತೂತನ ಬರಹದಲ್ಲಿ. ಗೋವೆಯನ್ನು ದಾಟಿ ಅವನ ಹಡಗು ನಿಂತದ್ದು ದಡಕ್ಕೆ ಹತ್ತಿರದ ಒಂದು ಸಣ್ಣ ದ್ವೀಪದಲ್ಲಿ. ಅಲ್ಲಿ ಗುಡಿ, ತೋಟ, ನೀರಿನ ಕೊಳ ಇದ್ದವು, ಒಬ್ಬ ಜೋಗಿಯೂ ಇದ್ದ. ಅದು ಅಂಜದೀವವೆಂಬ ಅಭಿಪ್ರಾಯವೇ ಪ್ರಬಲ. ಹೊನ್ನಾವರದ ಅಳಿವೆಯೊಳಗೆ ದೊಡ್ಡ ಹಡಗುಗಳು ಬರುತ್ತವೆ, ಮಳೆಗಾಲದ ನಾಲ್ಕು ತಿಂಗಳು ಮೀನುಗಾರರ ಹೊರತು ಯಾರೂ ಕಡಲಿಗಿಳಿಯರು ಎಂದೂ ಅವನು ಬರೆದಿದ್ದಾನೆ. ತಾಣವನ್ನೂ ಕಾಲವನ್ನೂ ಒಟ್ಟಿಗೆ ಹೇಳುವ ಈ ಮಾತು ಅಮೂಲ್ಯವಾದುದು.

1498ರ ಪ್ರಶ್ನೆ

ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಹೋಗುವ ಮೊದಲು ಮಲ್ಪೆಯ ಎದುರಿನ ಸೇಂಟ್ ಮೇರಿಸ್ ದ್ವೀಪದಲ್ಲಿ ಇಳಿದ ಎಂದು ಪ್ರವಾಸಿ ಕೈಪಿಡಿಗಳು ಹೇಳುತ್ತ ಬಂದಿವೆ. ಅವನ ಜೊತೆ ಪಯಣಿಸಿದವನೊಬ್ಬ ಬರೆದ ದಿನಚರಿ ಇದನ್ನು ಸಮರ್ಥಿಸುವುದಿಲ್ಲ. ಅದರ ಪ್ರಕಾರ ಸಾಂತಾ ಮರಿಯಾ ಹೆಸರಿನ ಕಂಬ ನೆಟ್ಟದ್ದು ಕಲ್ಲಿಕೋಟೆಯಿಂದ ಹಿಂತಿರುಗುವಾಗ, 1498ರ ಸೆಪ್ಟೆಂಬರ್ ನಡುವಿನಲ್ಲಿ, ದಡದಿಂದ ದೂರದ ಕಿರುದ್ವೀಪವೊಂದರ ಮೇಲೆ. ಕೆಲವೇ ದಿನಗಳ ನಂತರ ನೌಕೆಗಳು ಅಂಜದೀವ ತಲುಪಿದವು. ಅಲ್ಲಿ ಕುಡಿಯುವ ನೀರು ತುಂಬಿಸಿಕೊಂಡು, ಹಡಗಿನ ತಳವನ್ನು ಶುಚಿಗೊಳಿಸಿ, ಅಕ್ಟೋಬರ್ 5ರಂದು ಹೊರಟರು. ತಾಣ ಸರಿಯಾಗಿತ್ತು, ಕಾಲ ತಪ್ಪಿತ್ತು. ಪಶ್ಚಿಮಕ್ಕೆ ಒಯ್ಯುವ ಈಶಾನ್ಯದ ಗಾಳಿ ಇನ್ನೂ ನೆಲೆಗೊಂಡಿರಲಿಲ್ಲ. ಆಫ್ರಿಕಾದ ತೀರ ಕಾಣಲು ಸುಮಾರು ಮೂರು ತಿಂಗಳು ಹಿಡಿಯಿತು, ಹಲವರು ಸ್ಕರ್ವಿ ರೋಗದಿಂದ ಸತ್ತರು.

ಅಂಜದೀವದ ಮಿತಿಗಳು

1505ರಲ್ಲಿ ಪೋರ್ಚುಗೀಸ್ ವೈಸರಾಯ್ ಅಲ್ಮೇಡ ಇಲ್ಲಿ ಕಟ್ಟಿಸಿದ ಕೋಟೆಯನ್ನು, ಬಿಜಾಪುರದ ಕಡೆಯ ನೌಕೆಗಳ ದಾಳಿಯ ನಂತರ, ಸ್ವಲ್ಪ ಕಾಲದಲ್ಲೇ ಪೋರ್ಚುಗೀಸರು ತೊರೆದರು. ಅದಕ್ಕಿಂತ ಕಠೋರವಾದದ್ದು ಇಂಗ್ಲಿಷರ ಅನುಭವ. ಮುಂಬಯಿಯನ್ನು ವಶಕ್ಕೆ ಪಡೆಯಲು ಬಂದ ಅಬ್ರಹಾಂ ಶಿಪ್‌ಮನ್‌ನ ಪಡೆಗೆ ಪೋರ್ಚುಗೀಸರು ಊರು ಬಿಟ್ಟುಕೊಡಲಿಲ್ಲ. 1662ರ ಕೊನೆಯಿಂದ ಆ ಸೈನಿಕರು ಅಂಜದೀವದಲ್ಲೇ ಉಳಿದರು. 1664ರಲ್ಲಿ ಶಿಪ್‌ಮನ್ ತೀರಿಕೊಂಡ. ನಾಲ್ಕೈದು ನೂರು ಮಂದಿಯಲ್ಲಿ 1665ರಲ್ಲಿ ಮುಂಬಯಿ ಸೇರಿದವರು ನೂರರ ಆಸುಪಾಸು. ಕೆಲವು ವಾರ ನಿಲ್ಲಲು ಯೋಗ್ಯವಾದ ಜಾಗ ವರ್ಷಗಟ್ಟಲೆ ಬದುಕಲು ಯೋಗ್ಯವಾಗಿರಲಿಲ್ಲ. ದ್ವೀಪವನ್ನು ಹೊಗಳುವ ಬರಹಗಳು ಈ ಸಾವುಗಳನ್ನು ಬದಿಗಿಡುವುದು ನ್ಯಾಯವಲ್ಲ.

ನಕ್ಷೆಗಳಿಂದ ಅಲೆತಡೆಗೋಡೆಗಳವರೆಗೆ

19ನೆಯ ಶತಮಾನದ ನೌಕಾಮಾರ್ಗದರ್ಶಿಗಳು, ಸಮೀಕ್ಷೆಗಳು ಆಳ ಮತ್ತು ತಳದ ಮಣ್ಣಿನ ವಿವರ ಒದಗಿಸಿದವು. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಸೇರಿದ ಬಳಿಕ ಹತ್ತಿ ಸಾಗಣೆಗಾಗಿ ಕಾರವಾರಕ್ಕೆ ಮಹತ್ವ ಬಂತು. ದೇವಗಡದಲ್ಲಿ ದೀಪಸ್ತಂಭ ನಿಂತಿತು. ಖಾರ್ವಿ, ಹರಿಕಂತ್ರ, ಮೊಗವೀರರು ಗುಡ್ಡಗಳ ಗುರುತು ನೋಡಿ ದೋಣಿ ನಿಲ್ಲಿಸುತ್ತಿದ್ದ ಅರಿವು ಮಾತ್ರ ಈ ಗ್ರಂಥಗಳಲ್ಲಿ ತೀರ ತೆಳುವಾಗಿ ಉಳಿದಿದೆ.

ನಿಜವಾದ ತಿರುವು ಬಂದದ್ದು ನೌಕಾನೆಲೆಯಿಂದ. 1961ರ ಡಿಸೆಂಬರ್‌ನಲ್ಲಿ ಅಂಜದೀವ ಪೋರ್ಚುಗೀಸರಿಂದ ಭಾರತದ ವಶವಾಯಿತು; ಆ ಕಾರ್ಯಾಚರಣೆಯಲ್ಲಿ 7 ನಾವಿಕರು ಪ್ರಾಣ ತೆತ್ತರು. 1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ಯೋಜನೆಯಲ್ಲಿ ಅಲೆತಡೆಗೋಡೆ ದ್ವೀಪವನ್ನು ದಡಕ್ಕೆ ಜೋಡಿಸಿತು, 2005ರಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ ಸೇವೆಗೆ ಸೇರಿತು. ನಾಗರಿಕ ದೋಣಿಗಳಿಗೆ ಆ ಮರೆ ಈಗ ಲಭ್ಯವಿಲ್ಲ, ಉಳಿದದ್ದು ಬೈತಖೋಲ. 2019ರ ಅಕ್ಟೋಬರ್‌ನಲ್ಲಿ ಕ್ಯಾರ್ ಚಂಡಮಾರುತ ಬಂದಾಗ ಹೊರರಾಜ್ಯಗಳ ಮೀನುಗಾರಿಕಾ ದೋಣಿಗಳೂ ಅಲ್ಲಿಗೇ ನುಗ್ಗಿದವು. ಆ ಬಂದರಿನ ವಿಸ್ತರಣೆ ಮೀನುಗಾರರ ಜಾಗ ಕಸಿಯುತ್ತದೆ ಎಂದು 2020ರ ಜನವರಿಯಲ್ಲಿ ಕಾರವಾರದಲ್ಲಿ ಪ್ರತಿಭಟನೆ ನಡೆಯಿತು. ಅದೇ ತಿಂಗಳು ಹೈಕೋರ್ಟ್ ಕಾಮಗಾರಿಗೆ ತಡೆ ನೀಡಿತು.