ಬೆತ್ಸು: ಲಿಪಿಯನ್ನು ನಂಬಿದರೆ ಕೆಟ್ಟೆವು

ತನಾಕ ಎಂಬ ಜಪಾನಿ ಮನೆತನದ ಹೆಸರಿಗೆ ಲಿಪಿ ನೋಡಿದರೆ ಸಾಕು, ‘ತ’ ಅಂದರೆ ಗದ್ದೆ, ‘ನಾಕ’ ಅಂದರೆ ನಡು. ಈ ಸಲೀಸು ಹೊಕ್ಕೈಡೊ ದ್ವೀಪದ ಊರುಗಳಲ್ಲಿ ನಡೆಯದು. ಅಲ್ಲಿನ ನೊಬೊರಿಬೆತ್ಸುವಿನ ಚಿತ್ರಲಿಪಿಗಳಿಗೆ ‘ಏರು’, ‘ಬೇರೆ’ ಎಂಬ ಅರ್ಥ. ಹೆಸರು ಮಾತ್ರ ದ್ವೀಪದ ಮೂಲನಿವಾಸಿಗಳಾದ ಐನು ಜನರ ‘ನುಪುರ್ ಪೆತ್’, ಕದಡಿದ ಹೊಳೆ; ‘ಪೆತ್’ ಎಂಬ ಹೊಳೆಯೇ ‘ಬೆತ್ಸು’ ಆಗಿ ‘ಬೇರೆ’ ಎಂಬ ಲಿಪಿ ತೊಟ್ಟಿದೆ. ಬಿಸಿನೀರಿನ ಬುಗ್ಗೆಗಳ ಊರಿಗೆ ಒಪ್ಪುವ ಹೆಸರೇ ಬಿಡಿ. ಹೊಳೆ ಕವಲೊಡೆದು ‘ಬೇರೆ’ಯಾಗುತ್ತದಲ್ಲ, ಲಿಪಿಯ ಅರ್ಥವೇ ಮೂಲ ಏಕಾಗಬಾರದು ಎನ್ನಬಹುದು. ಹಾಗಾದರೆ ವಕ್ಕನೈ ಊರಿನ ‘ನೈ’ಗೆ ಬಳಸುವ ‘ಒಳಗೆ’ ಎಂಬ ಲಿಪಿಗೆ ಏನು ಹೇಳೋಣ? ಐನು ನುಡಿಯಲ್ಲಿ ಅದೂ ತೊರೆಯೇ, ‘ವಕ್ಕ’ ನೀರು. ಲಿಪಿ ಇಲ್ಲಿ ಬರೀ ಸದ್ದು ಹಿಡಿದಿದೆ. ‘ಬೆತ್ಸು’, ‘ನೈ’ ಎಂಬ ಇದೇ ಬಾಲಗಳು ಹೊನ್ಶು ದ್ವೀಪದ ಉತ್ತರ ತುದಿಯ ಊರುಗಳಲ್ಲೂ ಉಳಿದಿರುವುದರಿಂದ, ಒಂದು ಕಾಲಕ್ಕೆ ಐನು ಬಳಗದ ಮಾತು ಅಲ್ಲಿಯೂ ಕೇಳುತ್ತಿತ್ತೆಂದು ವಿದ್ವಾಂಸರು ಊಹಿಸುತ್ತಾರೆ.