ಅರ್ಥಕ್ಕೆ ಮುಂಚೆ ಬಂದ ಸೂತ್ರ

ಮಾತು ಮೊದಲೋ ಅರ್ಥ ಮೊದಲೋ ಎಂಬ ಜಿಜ್ಞಾಸೆ ಸಾಹಿತ್ಯದ ವಿದ್ಯಾರ್ಥಿಗಳಿಗೆ ಹೊಸದಲ್ಲ. ಕನ್ನಡ ಎಂ.ಎ. ಓದಿ, ಕಾವ್ಯದ ಪಾಠ ಹೇಳುತ್ತ ನಿವೃತ್ತನಾದ ನನ್ನನ್ನು ಭೌತವಿಜ್ಞಾನದ ತಂತು ಸಿದ್ಧಾಂತದ, ಅಂದರೆ ಸ್ಟ್ರಿಂಗ್ ಥಿಯರಿಯ, ಚರಿತ್ರೆಯತ್ತ ಸೆಳೆದದ್ದೂ ಈ ಜಿಜ್ಞಾಸೆಯೇ. ಅಲ್ಲಿ ಸೂತ್ರ ಮೊದಲು ಬಂದಿತು. ಅದರ ಅರ್ಥ ತಡವಾಗಿ, ಅದೂ ಎರಡು ಕಂತುಗಳಲ್ಲಿ ಬಂದಿತು.

ಪರಮಾಣುವಿನ ಬೀಜವನ್ನು ಬಿಗಿದು ಹಿಡಿದಿರುವ ಪ್ರಬಲ ಬಲದ ಸ್ವರೂಪವೇನೆಂಬುದು ೧೯೬೦ರ ದಶಕದ ವಿಜ್ಞಾನಿಗಳನ್ನು ಕಾಡುತ್ತಿದ್ದ ಸಮಸ್ಯೆ. ೧೯೬೮ರಲ್ಲಿ ಇಟಲಿಯ ತರುಣ ವಿಜ್ಞಾನಿ ಗೇಬ್ರಿಯೆಲೆ ವೆನೆಟ್ಸಿಯಾನೊ ಅವರು, ಹದಿನೆಂಟನೆಯ ಶತಮಾನದ ಗಣಿತಜ್ಞ ಆಯ್ಲರನ ಬೀಟಾ ಫಲನವನ್ನು ಆ ಬಲಕ್ಕೆ ಒಳಗಾದ ಕಣಗಳ ಘರ್ಷಣೆಗೆ ಅನ್ವಯಿಸಿದರು. ಕಣಗಳು ತಾಗಿ ಚದುರುವ ಬಗೆಯ ಮುಖ್ಯ ಲಕ್ಷಣಗಳು ಅದರಲ್ಲಿ ಅಚ್ಚರಿಯಾಗುವಂತೆ ಅಡಕವಾಗಿದ್ದವು. ಏಕೆ ಹೀಗೆ ಎಂಬುದಕ್ಕೆ ಮಾತ್ರ ಯಾರಲ್ಲಿಯೂ ಉತ್ತರವಿರಲಿಲ್ಲ.

ಉತ್ತರ ದೊರೆತದ್ದು ೧೯೬೯-೭೦ರ ಸುಮಾರಿಗೆ. ಯೋಇಚಿರೊ ನಂಬು, ಹೋಲ್ಗರ್ ನೀಲ್ಸನ್, ಲಿಯೊನಾರ್ಡ್ ಸಸ್ಕಿಂಡ್ ಈ ಮೂವರೂ ಬೇರೆ ಬೇರೆಯಾಗಿ ಚಿಂತಿಸಿ ಒಂದೇ ನಿಲುವಿಗೆ ಬಂದರು: ಈ ಕಣಗಳು ಬಿಂದುಗಳಲ್ಲ, ಮಿಡಿಯುವ ತಂತುಗಳು, ವೀಣೆಯ ಒಂದೇ ತಂತಿಯಲ್ಲಿ ಹಲವು ಸ್ವರಗಳು ಹೊರಡುವಂತೆ, ತಂತುವಿನ ಬೇರೆ ಬೇರೆ ಕಂಪನಗಳೇ ಬೇರೆ ಬೇರೆ ಕಣಗಳು. ಸೂತ್ರವೆಂದರೆ ನಮ್ಮಲ್ಲಿ ಗಣಿತದ ನಿಯಮವೂ ಹೌದು, ನೂಲೂ ಹೌದು. ವೆನೆಟ್ಸಿಯಾನೊ ಅವರ ಸೂತ್ರ ಎರಡನೆಯ ಅರ್ಥದಲ್ಲಿಯೂ ಸೂತ್ರವಾಯಿತು.

ಆದರೆ ತೊಡಕುಗಳು ಹಲವು. ಗಣಿತ ಸರಿಹೋಗಬೇಕಾದರೆ ದೇಶಕಾಲಗಳಿಗೆ ನಾಲ್ಕಲ್ಲ, ೨೬ ಆಯಾಮಗಳಿರಬೇಕಾಗಿತ್ತು. ೧೯೭೧ರಲ್ಲಿ ರಾಮೋಂ, ನೆವ್ಯೂ, ಶ್ವಾರ್ಟ್ಸ್ ಅವರಿಂದ ರೂಪುಗೊಂಡ ಮಾದರಿಯಲ್ಲಿ ಅವು ೧೦ಕ್ಕೆ ಇಳಿದವು. ಇನ್ನೂ ದೊಡ್ಡ ಮುಜುಗರವೆಂದರೆ, ಬೀಜದ ಪ್ರಯೋಗಗಳಲ್ಲಿ ಎಲ್ಲಿಯೂ ಕಾಣಿಸದ, ದ್ರವ್ಯರಾಶಿಯೇ ಇಲ್ಲದ ಒಂದು ಕಣ ಲೆಕ್ಕದಲ್ಲಿ ಬೇಡವೆಂದರೂ ಬಂದು ಕುಳಿತಿತ್ತು. ೧೯೭೩ರ ಹೊತ್ತಿಗೆ ಕ್ವಾರ್ಕ್‌ಗಳನ್ನು ಆಧರಿಸಿದ ಸಿದ್ಧಾಂತ ಪ್ರಬಲ ಬಲವನ್ನು ಸಮರ್ಥವಾಗಿ ವಿವರಿಸತೊಡಗಿತು. ಹೆಚ್ಚಿನವರು ತಂತುವನ್ನು ಕೈಬಿಟ್ಟರು.

೧೯೭೪ರಲ್ಲಿ ಫ್ರಾನ್ಸಿನ ಜೋಯೆಲ್ ಶೆರ್ಕ್ ಮತ್ತು ಅಮೆರಿಕದ ಜಾನ್ ಶ್ವಾರ್ಟ್ಸ್ ಆ ಅನಪೇಕ್ಷಿತ ಕಣವನ್ನೇ ಮತ್ತೆ ಓದಿದರು. ಅದು ಗುರುತ್ವಾಕರ್ಷಣೆಯನ್ನು ಹೊತ್ತು ತರುವ ಗ್ರಾವಿಟಾನ್ ಎಂದರು. ಜಪಾನಿನ ಯೋನೆಯಾ ಅವರಿಗೂ ಸ್ವತಂತ್ರವಾಗಿ ಇದು ಹೊಳೆದಿತ್ತು. ಹಾಗೆ ಓದಬೇಕಾದರೆ ತಂತುವಿನ ಉದ್ದವನ್ನು, ಒಂದರ ಮುಂದೆ ಸುಮಾರು ೨೦ ಸೊನ್ನೆಗಳಿರುವ ಸಂಖ್ಯೆಯಿಂದ ಭಾಗಿಸಬೇಕಾಗಿತ್ತು. ಮೂಲಪಾಠ ಬಹುಮಟ್ಟಿಗೆ ಅದೇ ಉಳಿಯಿತು, ವ್ಯಾಖ್ಯಾನ ಬೇರೆಯಾಯಿತು.

ಕಿವಿಗೊಟ್ಟವರು ಕಡಿಮೆ. ಶೆರ್ಕ್ ೧೯೮೦ರಲ್ಲಿ, ಕೇವಲ ೩೩ನೆಯ ವಯಸ್ಸಿನಲ್ಲಿ ತೀರಿಕೊಂಡರು. ಶ್ವಾರ್ಟ್ಸ್ ಅವರು ಬ್ರಿಟನ್ನಿನ ಮೈಕೆಲ್ ಗ್ರೀನ್ ಅವರೊಡಗೂಡಿ ಸಿದ್ಧಾಂತದ ದೊಡ್ಡದೊಂದು ಆಂತರಿಕ ವಿರೋಧವನ್ನು ೧೯೮೪ರಲ್ಲಿ ಪರಿಹರಿಸಿದ ಮೇಲೆಯೇ ವಿಜ್ಞಾನಲೋಕ ಇತ್ತ ತಿರುಗಿತು. ಅದನ್ನು ಕಾಣಲು ಶೆರ್ಕ್ ಇರಲಿಲ್ಲ.

ತಂತು ಇದೆಯೆಂದು ಪ್ರಯೋಗ ಇಂದಿಗೂ ಸಾಕ್ಷಿ ನುಡಿದಿಲ್ಲ. ಆದ್ದರಿಂದ ಇದನ್ನು ಗೆಲುವಿನ ಕಥೆಯೆಂದು ನಾನು ಹೇಳಲಾರೆ. ಆದರೆ ಓಲೆಗರಿಯಲ್ಲಿ ಹೊಂದದ ಪಾಠ ಕಂಡೊಡನೆ ಲಿಪಿಕಾರನ ತಪ್ಪೆಂದು ಹೊಡೆದುಹಾಕುವ ಅವಸರ ನಮ್ಮಲ್ಲಿಯೂ ಉಂಟು. ಹೊಡೆದುಹಾಕುವ ಮೊದಲು ಇನ್ನೊಮ್ಮೆ ಓದಿದ ಶೆರ್ಕ್ ಅವರ ಹೆಸರನ್ನು ಗ್ರಂಥಸಂಪಾದನೆಯ ತರಗತಿಗಳಲ್ಲಿ ಹೇಳಬೇಕೆಂದು ನನಗೆ ತೋರುತ್ತದೆ.